ಉಪ್ಪಿನಕಾಯಿ ಡಬ್ಬಿಯೂ ಸೊಸೆಯ ಗುಟ್ಟೂ

ಎದುರುಮನೆಯಾಕೆ ಉಪ್ಪಿನಕಾಯಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಹಿತ್ತಲಲ್ಲಿ ಕೂತು ತಿಕ್ಕುತ್ತಿದ್ದೆ. ಎಣ್ಣೆ, ಖಾರ ತಳಕ್ಕೆ ಹತ್ತಿದರೆ ಸಾಬೂನಿಗೆ ಬಗ್ಗುವುದಿಲ್ಲ, ಹುಣಸೆಹಣ್ಣೇ ಬೇಕು. ಅಷ್ಟರಲ್ಲಿ ಸೊಸೆ ಮಹಡಿಯ ಮೆಟ್ಟಿಲನ್ನು ದಡದಡ ಇಳಿದು ಬಂದಳು. ಕೈಯಲ್ಲಿ ಬೆಳಿಗ್ಗೆ ಕೊಟ್ಟ ಚಹಾ ಹಾಗೇ ಇತ್ತು.

"ಅತ್ತೆ, ಒಪ್ಪಿದ್ರು! ನಾ ಹಿಡಿದ ತೂತು ಖರೇ ಅಂತ ಕರ್ನಲ್ ನೋಡ್ಕೊಳ್ಳೋರು ಒಪ್ಪಿದ್ರು!"

ಹರಪನಹಳ್ಳಿ ಕಡೆಯ ಹುಡುಗಿ. ಕೊಟ್ಟೂರಿನ ನಮ್ಮ ಮಹಡಿ ಕೋಣೆಯಲ್ಲಿ ಕೂತೇ ಕಂಪನಿ ಕೆಲಸ ಮಾಡುತ್ತಾಳೆ. ಮಗ ದಿನಾ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಪಾಠ ಹೇಳಲು ಹೋದರೆ ಮನೆಯಲ್ಲಿ ಉಳಿಯುವವರು ಇವಳು, ನಾನು, ಮತ್ತು ಅಂಗಡಿಯಿಂದ ಊಟಕ್ಕೆ ಬಂದು ಮಲಗಿಬಿಡುವ ನಮ್ಮ ಯಜಮಾನರು. ಇವಳ ಕೆಲಸ ಕಂಪ್ಯೂಟರಿನ ಕರ್ನಲ್ ಎಂಬ ಒಳಮನೆಯಲ್ಲಿ ಕಳ್ಳರು ನುಗ್ಗುವ ತೂತು ಹುಡುಕಿ ಮುಚ್ಚುವುದು. ನನಗೆ ತಿಳಿದಷ್ಟು ಹೇಳುತ್ತೇನೆ. ಕರ್ನಲ್ ಅಂದರೆ ಗರ್ಭಗುಡಿ ಇದ್ದ ಹಾಗೆ. ಬೇರೆ ಯಾವ ಪ್ರೋಗ್ರಾಮೂ ಒಳಗೆ ಹೋಗುವ ಹಾಗಿಲ್ಲ. ಹೊರಗೆ ನಿಂತು ಕೈ ಚಾಚಬೇಕು, ಬೇಕಾದ್ದನ್ನು ಒಳಗಿನವನೇ ತಂದು ಕೊಡಬೇಕು.

"ಅಲ್ಲೇನವ್ವ ತೂತು?" ಎಂದೆ.

ಅವಳು ನನ್ನ ಕೈಯಲ್ಲಿದ್ದ ಡಬ್ಬಿಯನ್ನೇ ಕಸಿದುಕೊಂಡಳು. "ಯಾರೋ ಒಂದು ಡಬ್ಬಿ ಸಕ್ಕರಿ ಕೇಳಿದ್ರು ಅಂತ ಇಟ್ಕೊಳ್ರಿ. ಕರ್ನಲ್ಲು ಒಳಗಿಂದ ಡಬ್ಬಿ ತಂತು, ಅರ್ಧ ಸಕ್ಕರಿ ಹಾಕ್ತು, ಕೊಡ್ತು. ಆದ್ರ ಡಬ್ಬಿ ತೊಳದೇ ಇಲ್ಲ. ಉಳಿದ ಅರ್ಧದಾಗ ಹಿಂದಿನವರ ಉಪ್ಪಿನಕಾಯಿ ಹಂಗೇ ಐತಿ. ಆ ಉಪ್ಪಿನಕಾಯಿ ಯಾರದೋ ಪಾಸ್‌ವರ್ಡ್ ಆಗಿರಬಹುದು."

"ಅಯ್ಯ ಶಿವನೇ, ಮುಸುರಿ ಡಬ್ಬಿ ಕೊಡೋದಾ? ನೀ ಏನ್ ಮಾಡಿದಿ?"

"ತುಂಬೋಕಿಂತ ಮೊದ್ಲು ಪೂರಾ ತೊಳೀಬೇಕು ಅಂತ ಬರದೆ. ಎರಡೇ ಸಾಲು."

ಎರಡು ಸಾಲು ಬರೆಯಲು ಫಾಲ್ಗುಣವೆಲ್ಲ ಊಟ ನಿದ್ದೆ ಬಿಟ್ಟಿದ್ದಳು. ನಮ್ಮೂರ ದೇವರು ಕೊಟ್ರಯ್ಯ ಕಣ್ಣು ಬಿಟ್ಟ ಎಂದು ಹುಣಸೆ ಕೈಯಲ್ಲೇ ಮುಗಿದೆ.

"ಆದ್ರ ಅತ್ತೆ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬ್ಯಾಂಕು, ಆಸ್ಪತ್ರಿ, ಎಲ್ಲಾರೂ ಒಳಗೊಳಗೇ ರಿಪೇರಿ ಮಾಡ್ಕೊಂಡು ಸೋಮವಾರ ಒಟ್ಟಿಗೆ ಹೇಳ್ತಾರ. ಅದಕ್ಕಿಂತ ಮೊದ್ಲು ಕಳ್ಳರಿಗೆ ಸುಳಿವು ಸಿಗಬಾರದು. ನನ್ನ ಕಡಿಂದ ಹೊರಗ ಬಿತ್ತು ಅಂದ್ರ ಮತ್ತೆ ನನ್ನ ಯಾರೂ ನಂಬಂಗಿಲ್ಲ."

"ನಾ ಯಾರಿಗೆ ಹೇಳ್ಲಿ?" ಎಂದೆ. ಅವಳು ನನ್ನನ್ನೊಮ್ಮೆ, ಎದುರುಮನೆಯನ್ನೊಮ್ಮೆ ನೋಡಿದಳು. ನನ್ನ ಹೊಟ್ಟೆಯಲ್ಲಿ ಜೋಳದ ರೊಟ್ಟಿ ಕರಗುತ್ತದೆ, ಮಾತು ಕರಗುವುದಿಲ್ಲ. ಎದುರುಮನೆಯಾಕೆಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅವಳ ಫೋನಿನ ಸ್ಟೇಟಸ್ ಆಗುತ್ತದೆ. ಇದು ಓಣಿಗೆಲ್ಲ ಗೊತ್ತಿರುವ ಸಂಗತಿ.

ಬಾಯಿಯನ್ನು ಕಟ್ಟಿದೆ, ನಿಜ. ಕೈಯನ್ನು ಕಟ್ಟಬೇಕೆಂದು ಹೊಳೆಯಲಿಲ್ಲ. ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಇಲ್ಲ. ಮಾಮೂಲಿಗೆ ನಾನು ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುವವಳು. ಅವತ್ತು ಮನಸ್ಸು ಉಕ್ಕಿತ್ತು. ಕೇಸರಿ, ಗೋಡಂಬಿ ಹಾಕಿ ಸಿರಾ ಮಾಡಿ ದೇವರಿಗೆ ನೈವೇದ್ಯ ಹಿಡಿದೆ. ಅದೇ ಸಿರಾವನ್ನು ಡಬ್ಬಿಯ ಕಂಠಮಟ್ಟ ಒತ್ತಿ, ಮೇಲೆ ತುಪ್ಪ ಸುರಿದು ಕೊಟ್ಟು ಬಂದೆ.

ತುಪ್ಪ ಆರುವುದರೊಳಗೆ ಎದುರುಮನೆಯಾಕೆ ನಮ್ಮ ಹೊಸ್ತಿಲಲ್ಲಿದ್ದಳು. ಕೈಯಲ್ಲಿ ಅದೇ ಡಬ್ಬಿ.

"ಯಕ್ಕಾ, ಗೋಡಂಬಿ! ನಿನ್ ಮಗನ ಮದುವ್ಯಾಗೂ ನನಗ ಇಷ್ಟು ಗೋಡಂಬಿ ಬಿದ್ದಿದ್ದಿಲ್ಲ. ಏನ್ ಸಮಾಚಾರ? ಸೈಟ್ ತಗೊಂಡ್ರೇನು?"

ಸುಳ್ಳು ಹೇಳಬಾರದು, ನಿಜ ಹೇಳುವ ಹಾಗಿಲ್ಲ. ದೇವರ ಕೋಣೆಯ ಕಡೆ ನೋಡಿದೆ. ಒಂದು ದಾರಿ ಹೊಳೆಯಿತು. ತುಟಿಯ ಮೇಲೆ ಬೆರಳಿಟ್ಟು, ಕೈ ಜೋಡಿಸಿ, ಕೊಟ್ರಯ್ಯನ ಪಟ ತೋರಿಸಿದೆ.

"ಮೌನ ಹಿಡಿದಿಯಾ? ನೀನಾ?" ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಸುಳ್ಳೇ ವ್ರತ ಎಂದು ತೋರಿಸಿ ದೇವರಿಗೆ ಮೋಸ ಮಾಡಬಾರದಲ್ಲ, ಅದಕ್ಕೆ ನಿಂತ ಕಾಲಿನಲ್ಲೇ ಸಂಕಲ್ಪ ಮಾಡಿ ಸೋಮವಾರದ ತನಕ ಮೌನವನ್ನು ನಿಜವಾಗಿಯೇ ಹಿಡಿದೆ. ರಾತ್ರಿ ಊಟಕ್ಕೆ ಕೂತ ಯಜಮಾನರಿಗೆ ಮಗ ಸೊಸೆಯ ತೂತಿನ ವಿಷಯ, ನನ್ನ ಮೌನದ ವಿಷಯ ಎರಡನ್ನೂ ತಿಳಿಸಿದ.

"ಕೊಟ್ರಯ್ಯ ದೊಡ್ಡಾವ," ಎಂದು ಅವರು ರೊಟ್ಟಿ ಮುರಿದರು. "ಇಂಥಾ ತೂತು ಇನ್ನೂ ಅದಾವೇನವ್ವ ಕಂಪ್ಯೂಟರಿನ್ಯಾಗ?"

"ಬೇಕಾದಷ್ಟು ಅದಾವ, ಮಾವ," ಎಂದಳು ಸೊಸೆ.

"ಒಂದೊಂದ ಹಿಡಿ. ಅವಸರ ಮಾಡಬ್ಯಾಡ."

ನಾನು ಅವರ ಸಾರಿಗೆ ಇನ್ನೊಂದು ಚಮಚ ಖಾರ ಹಾಕಿದೆ.

ಇತ್ತ ಎದುರುಮನೆಯಾಕೆ ಸುಮ್ಮನಿದ್ದರೆ ತಾನೆ? ಸಿರಾ, ಮೌನ, ಮಹಡಿಯಿಂದ ಇಳಿಯದ ಸೊಸೆ, ಎಲ್ಲ ಕೂಡಿಸಿ ಮರುದಿನ ಹುಳಿ ಮಾವಿನಕಾಯಿ ಹೋಳು ಮಾಡಿ, ಉಪ್ಪು ಖಾರ ಹಚ್ಚಿ ತಂದಳು. "ಮೂರು ತಿಂಗಳ ತನಕ ಬಾಯಿ ಬಿಡಬಾರದು, ನನಗೂ ಗೊತ್ತೈತಿ ಬಿಡಕ್ಕಾ," ಎಂದು ಕಣ್ಣು ಮಿಟುಕಿಸಿದಳು. ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ಅದನ್ನವಳು ನಾಚಿಕೆ ಎಂದುಕೊಂಡಳು. ಸೊಸೆ ಮಾತ್ರ ಮಾವಿನಕಾಯಿಯನ್ನು ಒಂದೂ ಬಿಡದೆ ತಿಂದು, "ಅತ್ತೆ, ಗುಟ್ಟಿಗೆ ಇದಕ್ಕಿಂತ ಒಳ್ಳೆ ಮುಚ್ಚಳ ಸಿಗಂಗಿಲ್ಲ ಬಿಡ್ರಿ," ಎಂದಳು. ಕರೆಂಟೂ ಆ ವಾರ ಕೈಕೊಡಲಿಲ್ಲ. ಅದೂ ದೇವರ ದಯೆಯೇ.

ಸೋಮವಾರ ಮಧ್ಯಾಹ್ನ ಸೊಸೆ ಮೆಟ್ಟಿಲ ಮೇಲಿಂದಲೇ ಕೂಗಿದಳು. "ಹೊರಗ ಬಂತು! ಇನ್ನ ಹೇಳ್ರಿ ಅತ್ತೆ, ಮನಸಾರೆ ಹೇಳ್ರಿ!"

ಕೊಟ್ರಯ್ಯನಿಗೆ ಕಾಯಿ ಒಡೆದು, ಒಂದೇ ಉಸಿರಿಗೆ ಓಣಿ ದಾಟಿದೆ. ಗರ್ಭಗುಡಿ, ಡಬ್ಬಿ, ಸಕ್ಕರೆ, ಉಪ್ಪಿನಕಾಯಿ, ಪಾಸ್‌ವರ್ಡ್, ಎರಡು ಸಾಲು, ಎಲ್ಲ ಹೇಳಿದೆ. ಎದುರುಮನೆಯಾಕೆ ಗದ್ದಕ್ಕೆ ಕೈಯಿಟ್ಟು ಕೇಳಿದಳು. ಮುಖ ಇಳಿಯಿತು.

"ಅಂದ್ರ ಬಸುರಿಲ್ಲ?"

"ಇಲ್ಲವ್ವಾ."

"ಡಬ್ಬಿ ತೊಳದು ಕೊಡ್ರಿ ಅಂತ ಹೇಳಾಕ ಆಕಿಗೆ ಪಗಾರ ಕೊಡ್ತಾರಾ? ನಾ ಇಷ್ಟು ವರ್ಷ ನಿನಗ ಪುಕ್ಕಟ ಹೇಳ್ತಾ ಬಂದೀನಿ!"

ವಾರವಿಡೀ ಹೊಟ್ಟೆಯಲ್ಲಿ ಹೊತ್ತ ಗುಟ್ಟಿಗೆ ಇಷ್ಟೇ ಮರ್ಯಾದೆ. ನಾನು ಎದ್ದೆ. ಅವಳು ಸೆರಗು ಹಿಡಿದು ನಿಲ್ಲಿಸಿದಳು, ದನಿ ತಗ್ಗಿಸಿದಳು. "ಯಕ್ಕಾ, ನನ್ ಫೋನಿನ್ಯಾಗೂ ಐತೇನು ಆ ಮುಸುರಿ ಡಬ್ಬಿ?"

"ಇರಬಹುದು ಅಂತಾಳ. ಫೋನಿಗೆ ರಿಪೇರಿ ಬರಾಕ ಇನ್ನೂ ತಡ ಐತಂತ."

ಸ್ಟೇಟಸ್ ರಾಣಿ ಫೋನನ್ನು ಮೆಲ್ಲಗೆ ದಿಂಬಿನ ಕೆಳಗೆ ತಳ್ಳಿದಳು. "ನಿನ್ ಸೊಸಿಗೆ ಹೇಳಕ್ಕಾ, ಲಗೂನ ತೊಳಸ್ಲಿ. ಇನ್ನೊಂದಿಷ್ಟು ಮಾವಿನಕಾಯಿ ಕೊಡ್ಲೇನು?"

ಕೊಟ್ಟಳು. ಅದೇ ಡಬ್ಬಿಯಲ್ಲಿ. ಮನೆಗೆ ಬಂದು ಹೋಳುಗಳನ್ನು ಸೊಸೆಯ ಬಟ್ಟಲಿಗೆ ಸುರಿದೆ. ಹಿತ್ತಲಿಗೆ ಹೋಗಿ, ಹುಣಸೆಹಣ್ಣು ನೆನೆಹಾಕಿ, ಡಬ್ಬಿಯ ತಳ ತಿಕ್ಕಲು ಕೂತೆ.