ಕ್ಯಾಂಪಿನ ಎದುರಿನ ಬೋರ್‌ವೆಲ್

"ನೋಡವ್ವ, ನೀರು ಎಂಗೆ ಬತ್ತದೆ! ಆದ್ರೆ ಒಬ್ಬ ಎಂಗ್ಸೂ ಇತ್ತ ಬತ್ತಿಲ್ಲ" ಎಂದು ನನ್ನ ತಮ್ಮ ವಿಡಿಯೊ ಕರೆಯಲ್ಲಿ ಹೊಸ ಬೋರ್‌ವೆಲ್ ತೋರಿಸಿದ. ಅವನು ಆಫ್ರಿಕಾದಲ್ಲಿರುವ ಶಾಂತಿಪಾಲನಾ ಪಡೆಯ ಸೈನಿಕ. ಬೆಳಗೊಳದ ನಮ್ಮ ಮನೆಯ ಜಗಲಿಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು.

ಪರಿಹಾರ ಸಂಸ್ಥೆಯವರು ಅಲ್ಲಿನ ಊರೊಳಗೇ ಕೊರೆಸೋಣ ಎಂದಿದ್ದರಂತೆ. ಪಡೆಯವರು ಮಾತ್ರ ಕಾವಲಿಗೆ ಅನುಕೂಲವೆಂದು ತಮ್ಮ ಕ್ಯಾಂಪಿನ ಗೇಟಿನ ಎದುರೇ ಕೊರೆಸಿದರಂತೆ. ಹೆಂಗಸರು ಈಗಲೂ ದೂರದ ಹೊಳೆಗೇ ಹೋಗುತ್ತಾರೆ. ದಾರಿಯಲ್ಲಿ ಬಂಡುಕೋರರ ಕಾಟ. ನಿನ್ನೆ ಹೋದ ಇಬ್ಬರು ಇನ್ನೂ ಮರಳಿಲ್ಲ ಎಂದ ತಮ್ಮ.

ಅವ್ವನ ಕೈ ನಿಂತಿತು. "ಕೋವಿ ಇಡ್ಕಂಡು ನಿಂತಿರೋ ಗಂಡಸ್ರ ಎದ್ರುಗೆ ಯಾವ ಎಣ್ಮಗ್ಳು ಬಗ್ಗಿ ನೀರಿಡಿತಾಳ್ಲಾ? ಕೊರ್ಸೋಕ್ ಮುಂಚೆ ಅವ್ರನ್ನ ಒಂದ್ ಮಾತು ಕೇಳಿದ್ರಾ?"

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆ ಕಡಿದುಹೋಯಿತು. ಮತ್ತೆ ಮತ್ತೆ ಮಾಡಿದೆ, ಸಿಗಲಿಲ್ಲ.

ಅವ್ವನ ಆ ಮಾತು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಬೀದಿಯ ನಲ್ಲಿ ಪಕ್ಕದ ಕಟ್ಟೆಯ ಮೇಲೆ ದಿನಾ ಸಂಜೆ ಹರಟೆ ಹೊಡೆಯುವ ಗಂಡಸರಲ್ಲಿ ನಾನೂ ಒಬ್ಬ. ನಾವು ಅಲ್ಲಿರುವಷ್ಟು ಹೊತ್ತು ಒಬ್ಬ ಹೆಂಗಸೂ ಕೊಡ ಹಿಡಿದು ಬಂದದ್ದನ್ನು ನಾನು ಕಂಡಿಲ್ಲ.