ಶಿಫ್ಟ್ ಬಸ್ಸಿನಲ್ಲಿ ಓದಿದ ನನ್ನ ಸುದ್ದಿ

ಪತ್ರಿಕೋದ್ಯಮ ಓದುತ್ತಿದ್ದ ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ವಾರ್ತೆ ಓದುವ ಹುಚ್ಚು. ಬೆಂಗಳೂರಿಗೆ ಟಿವಿ ಆಗಷ್ಟೇ ಬಂದಿತ್ತು. ಗೆಳತಿಯರು ಕನ್ನಡಿ ಮುಂದೆ ನಿಂತು ‘ನಮಸ್ಕಾರ’ ಹೇಳುವುದನ್ನೇ ಅಭ್ಯಾಸ ಮಾಡುತ್ತಿದ್ದರು. ನನಗೆ ಮಾತ್ರ ಪೇಪರಿನಲ್ಲೇ ಬರೆಯಬೇಕು. ಪೇಪರಿನ ಕಾಲ ಮುಗಿಯಿತು ಎಂದು ಅವರು ಛೇಡಿಸಿದಷ್ಟೂ ನನ್ನ ಹಟ ಹೆಚ್ಚಿತು. ನಾನು ಹುಟ್ಟು ಮೊಂಡಿ.

ಅಪ್ಪನ ಚಿಂತೆಯೇ ಬೇರೆ. ಪೀಣ್ಯದ ಕಾರ್ಖಾನೆಯಲ್ಲಿ ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ನಿವೃತ್ತರಾದವರ ಮಕ್ಕಳಲ್ಲಿ ಒಬ್ಬರಿಗೆ ಅಲ್ಲಿ ಕೆಲಸ ಕೊಡುತ್ತಿದ್ದರು. ನಾನು ಒಬ್ಬಳೇ ಮಗಳು. ಟೈಪಿಸ್ಟ್ ಕೆಲಸ ನನಗಾಗಿ ಕಾದಿತ್ತು. ಬೇಡವೆಂದರೆ ಮತ್ತೆ ಸಿಗುವಂತಿರಲಿಲ್ಲ.

“ಪೇಪರ್‌ನೋರು ಇವತ್ತು ಬಾ ಅಂತಾರೆ, ನಾಳೆ ಬೇಡ ಅಂತಾರೆ. ಕೈಗೆ ಬಂದ ತುತ್ತು ಬಿಡ್ಬೇಡ ಕಣಮ್ಮ,” ಎನ್ನುತ್ತಿದ್ದರು. ದಿನವೂ ಜಗಳ.

ಆಗಲೇ, ನಾನು ತರಬೇತಿಗೆ ಹೋಗುತ್ತಿದ್ದ ಪತ್ರಿಕೆಯಲ್ಲಿ ನನ್ನ ಮೊದಲ ಸುದ್ದಿ ಬಂತು: ರಾಜಗೋಪಾಲನಗರದ ನಮ್ಮ ಬೀದಿಯ ಕೈಪಂಪಿನ ಬವಣೆ. ಹೊಸಬರ ಹೆಸರು ಹಾಕುವ ರೂಢಿ ಇರಲಿಲ್ಲ. ಆ ಸಿಟ್ಟಿಗೆ ಮನೆಯಲ್ಲೂ ಹೇಳಲಿಲ್ಲ.

ಅಪ್ಪ ಹೋಗುತ್ತಿದ್ದ ಕಾರ್ಖಾನೆಯ ಶಿಫ್ಟ್ ಬಸ್ಸಿನಲ್ಲಿ ಒಬ್ಬರು ಪೇಪರನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೇಳಿಸಿಕೊಂಡು ತಮಾಷೆ ಮಾಡುವುದು ವಾಡಿಕೆ. ಅಂದು ನನ್ನ ಸುದ್ದಿಯನ್ನೂ ಓದಿದರು. ಪಂಪಿನ ಮುರಿದ ಹಿಡಿಗೆ ಯಾರೋ ಮೆಷಿನ್ನಿನ ಹಳೆಯ ಬೆಲ್ಟ್ ಸುತ್ತಿದ್ದಾರೆ, ಹೆಂಗಸರ ಅಂಗೈ ಉಳಿದಿರುವುದು ಅದರಿಂದಲೇ ಎಂದು ಬರೆದಿದ್ದೆ. ಸುತ್ತಿದವರು ಅಪ್ಪ. ಆಗ ಬಿಂದಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನೊಬ್ಬಳೇ.

ಸಂಜೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು: “ಯಾರೋ ಅಂತ ಯಾಕೆ ಬರ್ದೆ?”

“ನನ್ನ ಹೆಸ್ರೇ ಹಾಕಿಲ್ಲ, ಇನ್ನು ನಿಮ್ದು ಹಾಕ್ತಾರಾ?”

ಅಪ್ಪ ನಕ್ಕುಬಿಟ್ಟರು. ಆಮೇಲೆ ಮೆಲ್ಲಗೆ, “ಯಾರೂ ತಮಾಷೆ ಮಾಡ್ಲಿಲ್ಲ ಕಣಮ್ಮ. ಬಸ್ಸೆಲ್ಲಾ ಸುಮ್ನೆ ಕೇಳ್ತು,” ಎಂದರು.

ಮರುದಿನ ಅವರೇ ಕಾರ್ಖಾನೆಯ ಆಫೀಸಿಗೆ ಹೋಗಿ, ಮಗಳಿಗೆ ಆ ಕೆಲಸ ಬೇಡವೆಂದು ಹೇಳಿ ಬಂದರು. ಓದಿಸಿದ್ದಕ್ಕಿಂತ ದೊಡ್ಡ ಉಪಕಾರ ಅದು. ನನ್ನ ಅನ್ನ ಇವತ್ತಿಗೂ ಅದರಿಂದಲೇ.

ಅವರು ತೀರಿಕೊಂಡ ಮೇಲೆ, ಜೊತೆಯಲ್ಲಿ ದುಡಿದ ಹಿರಿಯರೊಬ್ಬರು ಮನೆಗೆ ಬಂದು ಹೇಳಿದರು. ಆ ಕೈಪಂಪಿನ ಸುದ್ದಿ ಬಂದ ಮೇಲೆ, ನಿವೃತ್ತಿಯಾಗುವವರೆಗೂ ಬಸ್ಸಿನಲ್ಲಿ ಪೇಪರ್ ಓದುವುದನ್ನು ಅಪ್ಪನೇ ವಹಿಸಿಕೊಂಡಿದ್ದರಂತೆ. ನಾನು ಬರೆದದ್ದು ಬಂದ ದಿನ ಮೊದಲು ನನ್ನ ಹೆಸರು ಹೇಳಿ, ಆಮೇಲೆ ಸುದ್ದಿ ಓದುತ್ತಿದ್ದರಂತೆ.