ಎದುರು ಮನೆಯ ಕಪಾಟಿನಲ್ಲಿ ಕೂತ ಪಂಪು

ನಿನ್ನೆ ಸಂಜೆ ಬಾಗಿಲ ಗಂಟೆ ಬಡಿಯಿತು. ತೆರೆದರೆ ಮೇಲಿನ ಮಹಡಿಯ ಉಡುಪಿಯ ಹುಡುಗಿ, ತುಂಬು ಹೊಟ್ಟೆಯ ಮೇಲೆ ಒಂದು ಪೆಟ್ಟಿಗೆ ಆನಿಸಿಕೊಂಡು ನಿಂತಿದ್ದಾಳೆ. ಪೆಟ್ಟಿಗೆಗೆ ಕಪ್ಪು ಪ್ಲಾಸ್ಟಿಕ್ ಚೀಲದ ಮುಸುಕು.

"ಅಕ್ಕ, ಇದನ್ನು ಸ್ವಲ್ಪ ದಿನ ನಿಮ್ಮಲ್ಲಿ ಇಟ್ಕೊಳ್ತೀರಾ? ಊರಿಂದ ಅತ್ತೆ ಬರ್ತಾ ಇದ್ದಾರೆ."

ಒಳಗೇನಿದೆ ಎಂದು ನಾನು ಕೇಳಲಿಲ್ಲ. ಔಷಧಿ ಅಂಗಡಿಯವರು ಕಳ್ಳಮಾಲಿನ ಹಾಗೆ ಮುಚ್ಚಿ, ನಮ್ಮ ಮುಖ ನೋಡದೆ ಕೈಗೆ ದಾಟಿಸುವ ವಸ್ತು ಯಾವುದೆಂದು ನನಗೆ ಚೆನ್ನಾಗಿ ಗೊತ್ತು. ಆ ಚೀಲದ ಸರಪರ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ದುಬೈಯ ಇದೇ ಅಲ್ ಮುರಕ್ಕಬಾತ್‌ನ ಇದೇ ಮನೆಯಲ್ಲಿ ಮೊದಲ ಬಸುರಿಯಾಗಿ ಏದುಸಿರು ಬಿಡುತ್ತಿದ್ದ ಕಾಲಕ್ಕೆ ಹೋಗಿಬಿಟ್ಟೆ.

ಆಗ ನನಗಿದ್ದ ಚಿಂತೆ ಒಂದೇ. ಹೆರಿಗೆ ರಜೆ ಎರಡು ತಿಂಗಳು. ಅದು ಮುಗಿದ ಮೇಲೆ ನಾನು ಕಚೇರಿಯಲ್ಲಿ, ಮಗು ಮನೆಯಲ್ಲಿ. ನನ್ನ ಮಗುವಿಗೆ ನನ್ನ ಹಾಲೇ ಸಿಗಬೇಕು ಎಂದು ನಾನು ಹಟ ಹಿಡಿದಿದ್ದೆ. ಹಾಲು ತೆಗೆದಿಡುವ ಯಂತ್ರವೊಂದಿಲ್ಲದೆ ಆ ಹಟ ನಡೆಯುವಂತಿರಲಿಲ್ಲ. ನನ್ನ ಕಂಪನಿಯ ವಿಮೆ ಹೆಚ್ಚೆಂದರೆ ನೆಗಡಿ ಕೆಮ್ಮಿಗೆ ಮರುಗುವಂಥದ್ದು. ನನ್ನ ಗಂಡನದು ಅಬುಧಾಬಿಯಲ್ಲಿ ಸೈಟ್ ಇಂಜಿನಿಯರ್ ಕೆಲಸ, ದಿನಾ ಹೋಗಿಬರುವುದು. ಅವರ ಕಂಪನಿಯ ವಿಮೆ ದೊಡ್ಡ ಮನಸ್ಸಿನದು. ಹೆಂಡತಿಗೂ ಅದರಲ್ಲಿ ಜಾಗವಿತ್ತು, ಹೆಂಡತಿಯ ಪಂಪಿಗೂ ಇತ್ತು.

ಅಂಗಡಿಯಲ್ಲಿ ಕೊಂಡರಾಗುತ್ತಿತ್ತಲ್ಲ ಎನ್ನುತ್ತೀರಿ. ಆಗುತ್ತಿತ್ತು. ಆದರೆ ಗಲ್ಫಿನಲ್ಲಿ ನಾಲ್ಕು ವರ್ಷ ಕಳೆದವರಿಗೆ ವಿಮೆಯಲ್ಲಿ ಬರುವುದನ್ನು ಅಂಗಡಿಯಲ್ಲಿ ಕೊಳ್ಳುವುದೆಂದರೆ ಮರ್ಯಾದೆಯ ಪ್ರಶ್ನೆ. ನಾನು ಫೋನು ಹಚ್ಚಿದೆ.

"ಮೇಡಂ, ಈ ಪಂಪ್ ತಾಯಿಗೋ, ಮಗುವಿಗೋ?" ಎಂದು ಕೇಳಿತು ಆ ಕಡೆಯ ಮಧುರ ಹಿಂದಿ.

"ಹಾಲು ನನ್ನದು, ಕುಡಿಯುವುದು ಮಗು."

"ಹಾಗಾದರೆ ಮಗುವಿನ ಕಾರ್ಡ್ ನಂಬರ್ ಹೇಳಿ."

"ಮಗು ಇನ್ನೂ ಹುಟ್ಟಿಲ್ಲ."

"ಹುಟ್ಟಿದ ಮೇಲೆ ಅರ್ಜಿ ಹಾಕಿ ಮೇಡಂ."

"ಹುಟ್ಟುವ ಮೊದಲೇ ಹಾಕಬೇಕು, ಮೊದಲೇ ಒಯ್ಯಬೇಕು ಅಂತ ನಿಮ್ಮದೇ ನಿಯಮ ಇದೆಯಲ್ಲ?"

"ಲೈನಿನಲ್ಲೇ ಇರಿ ಮೇಡಂ." ಆಮೇಲೆ ಸಂಗೀತ. ಆ ಬಸಿರಿನಲ್ಲಿ ನಾನು ಕೇಳಿದಷ್ಟು ವಾದ್ಯಸಂಗೀತವನ್ನು ಜನ್ಮದಲ್ಲಿ ಕೇಳಿಲ್ಲ. ಗರ್ಭಸ್ಥ ಶಿಶುವಿಗೆ ಸಂಗೀತ ಒಳ್ಳೆಯದಂತೆ, ಆ ಮಟ್ಟಿಗೆ ವಿಮೆಯವರ ಉಪಕಾರ ದೊಡ್ಡದು.

ಕೊನೆಗೆ ಅವರು ಕೇಳಿದ್ದು ವೈದ್ಯರ ಪತ್ರ. ತಾಯಿ ಮಗು ಬೇರೆ ಬೇರೆ ಇರಬೇಕಾದ ಪರಿಸ್ಥಿತಿ ಇದೆ ಎಂದು ಅದರಲ್ಲಿ ಬರೆದಿರಬೇಕಂತೆ. ನನ್ನ ವೈದ್ಯೆ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕರು. "ಇದಕ್ಕಿಂತ ಹತ್ತಿರ ಇರೋಕೆ ಸಾಧ್ಯವೇ ಇಲ್ಲ. ಬೇರೆ ಇದ್ದಾರೆ ಅಂತ ಹೇಗೆ ಬರೆಯಲಿ?" ಎಂದರು. ಆದರೂ ಬರೆದುಕೊಟ್ಟರು. ಒಂದು ವಾರದ ಮೇಲೆ ಮಂಜೂರಾತಿ ಬಂತು. ಬಂದದ್ದು ನನಗಲ್ಲ, ಕಾರ್ಡಿನ ಯಜಮಾನರಿಗೆ: 'ಮಾನ್ಯರೇ, ನಿಮ್ಮ ಬ್ರೆಸ್ಟ್ ಪಂಪ್ ಮಂಜೂರಾಗಿದೆ. ಬೇಗ ಗುಣಮುಖರಾಗಿ.' ಸೈಟಿನ ಮೀಟಿಂಗ್‌ನಲ್ಲಿ ಪಕ್ಕದವರು ಇದನ್ನು ಓದಿಬಿಟ್ಟರಂತೆ. ಸಂಜೆ ಮನೆಗೆ ಬಂದ ಗಂಡ ಗಂಭೀರವಾಗಿ ಹೇಳಿದರು: "ಮಂಜೂರಾಗಿದ್ದು ನನಗ. ನಿನಗ ಬೇಕಾದ್ರ ಕೇಳು, ನೋಡೂಣಂತ."

ಪಂಪು ಸಿಕ್ಕಿತು ಎಂದು ನಾನು ಬೀಗುತ್ತಿರುವಾಗಲೇ ಗದಗಿನಿಂದ ಅವ್ವ ಬಾಣಂತನಕ್ಕೆ ಹೊರಟು ನಿಂತಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದ ನನ್ನ ಅವ್ವ ದೇವರನ್ನು ಸಹ ಪುರಾವೆ ಕೇಳುವವಳು. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳ ಲೆಕ್ಕ ಬೇರೆ. ಫೋನಿನಲ್ಲೇ ತಾಕೀತು ಮಾಡಿದಳು: "ಕೂಸು ಕಣ್ಣ ಬಿಡೂ ತನಕಾ ಅದರ ಹೆಸರಿಲೆ ಒಂದು ಹೊಸಾ ಸಾಮಾನ ಮನಿಯೊಳಗ ಬರಬಾರ್ದು. ತೊಟ್ಟಿಲಾ ಬ್ಯಾಡ, ಗಿಲಕಿ ಬ್ಯಾಡ. ತಿಳೀತಿಲ್ಲ?"

ವಿಮೆಯ ನಿಯಮ: ಹುಟ್ಟುವ ಮೊದಲೇ ಒಯ್ಯಬೇಕು. ಅವ್ವನ ನಿಯಮ: ಹುಟ್ಟುವ ಮೊದಲು ಒಯ್ಯಬಾರದು. ಇಬ್ಬರಲ್ಲಿ ಯಾರ ಜೊತೆ ವಾದಿಸುವುದು ಸುಲಭ ಎಂದು ಯೋಚಿಸಿದೆ. ವಿಮೆಯವರು ಕಡೇಪಕ್ಷ ಸಂಗೀತ ಕೇಳಿಸುತ್ತಾರೆ. ಕಾರಿನ ಡಿಕ್ಕಿಯಲ್ಲಿ ಇಡೋಣವೆಂದರೆ ಜುಲೈ ಬಿಸಿಲಿಗೆ ಪಂಪು ಹಪ್ಪಳವಾಗುತ್ತಿತ್ತು. ಉಳಿದದ್ದು ಎದುರು ಮನೆ.

ಎದುರು ಮನೆಯವರು ಪುತ್ತೂರಿನ ಮೈಮೂನಕ್ಕ. ಪೆಟ್ಟಿಗೆ ನೋಡಿದ್ದೇ ಅವರಿಗೆ ಎಲ್ಲವೂ ಅರ್ಥವಾಯಿತು. "ಇಲ್ಲಿ ಇಡು ಮಾರಾಯ್ತಿ. ನಮ್ಮ ಉಮ್ಮನದ್ದೂ ಇದೇ ಕತೆ. ನನ್ನ ದೊಡ್ಡ ಮಗಳು ಹುಟ್ಟುವಲ್ಲಿವರೆಗೆ ಒಂದು ಟೊಪ್ಪಿ ತರ್ಲಿಕ್ಕೆ ಬಿಡ್ಲಿಲ್ಲ," ಎಂದು ಅಡಿಗೆಮನೆಯ ಮೇಲಿನ ಕಪಾಟಿನಲ್ಲಿ, ಬಿರಿಯಾನಿಯ ದೊಡ್ಡ ಚೆಂಬಿನ ಹಿಂದೆ ಅದನ್ನು ಕೂರಿಸಿದರು. ಖಲಾಸ್ ಎಂದು ಕೈ ಕೊಡವಿದರು.

ಅವ್ವ ಬಂದಳು. ಪೆಟ್ಟಿಗೆ ತುಂಬ ಅಂಟಿನುಂಡಿ, ಅಳವಿ, ಒಣಕೊಬ್ಬರಿ. ತಳದಲ್ಲಿ ನೋಡಿದರೆ ಒಂದು ಗಂಟು ಕೂಸಿನ ಅಂಗಿಗಳು!

"ಇದೇನವಾ? ಇವು ಕೂಸಿನ ಹೆಸರಿಲೆ ಬಂದಾವಲ್ಲ?"

"ಅವು ನಿನ್ನ ಕಾಕಾನ ಮೊಮ್ಮಕ್ಕಳು ಹಾಕ್ಕೊಂಡು ಬಿಟ್ಟಾವು. ಹಳೇದಕ್ಕ ನಡೀತೈತಿ."

ಪಂಪಿನ ಸುದ್ದಿ ಎತ್ತಿದರೆ ಅವಳಿಗೆ ಸಿಟ್ಟು. "ಎಮ್ಮಿ ಹಿಂಡೂ ಮಷೀನ ಏನ ಅದು? ತಾಯಿ ಹಾಲು ಬಾಟಲಿಯೊಳಗ ಹಿಡೀತಾರಂತ," ಎಂದು ಮುಖ ತಿರುಗಿಸಿದಳು. ನಾನು ಉಂಡಿಗಳನ್ನು ಡಬ್ಬಿಗೆ ತುಂಬತೊಡಗಿದೆ. ಹೇಗೂ ಎದುರು ಮನೆಯಲ್ಲಿ ಅದು ತಣ್ಣಗೆ ಕೂತಿತ್ತು.

ಆದರೆ ಮಗು ಯಾರ ನಿಯಮವನ್ನೂ ಓದಿಕೊಂಡಿರಲಿಲ್ಲ. ಹೇಳಿದ ದಿನಕ್ಕಿಂತ ಬಹಳ ಮೊದಲೇ, ಒಂದು ಹಿಡಿಯಷ್ಟಾಗಿ ಹುಟ್ಟಿಬಿಟ್ಟಳು. ಚೀಪಲು ಶಕ್ತಿಯಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ, ಮೂಗಿನಲ್ಲಿ ನಳಿಗೆ. ನಾನು ಅಲ್ಲಿದ್ದಷ್ಟು ದಿನ ಆಸ್ಪತ್ರೆಯ ಪಂಪು ಇತ್ತು. ಆಮೇಲೆ ನನ್ನನ್ನು ಮನೆಗೆ ಕಳಿಸಿ, ಅವಳನ್ನು ಅಲ್ಲೇ ಇಟ್ಟುಕೊಂಡರು. "ಮನೆಯಿಂದ ಹಾಲು ತರ್ತಾ ಇರಿ, ಅವಳಿಗೆ ಅದೇ ಔಷಧಿ," ಎಂದಳು ನರ್ಸ್. ತಾಯಿ ಮಗು ಬೇರೆ ಬೇರೆ ಇದ್ದಾರೆ ಎಂದು ವೈದ್ಯೆ ವಿಮೆಗಾಗಿ ಬರೆದ ಮಾತು ಅಕ್ಷರಶಃ ನಿಜವಾಗಿತ್ತು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅಳುತ್ತಿದ್ದೆ. ಖಾಲಿ ಮಡಿಲಿನಲ್ಲಿ ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಮನೆಗೆ ಬಂದು ನೋಡಿದರೆ ಮೈಮೂನಕ್ಕನ ಬಾಗಿಲಿಗೆ ಬೀಗ. ಅಬುಧಾಬಿಯ ಮಗಳ ಮನೆಗೆ ಹೋಗಿದ್ದರು. ಬೇಕಾದ್ದು ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುವ ಊರು ಇದು. ಬೀದಿಗೆ ನಾಲ್ಕು ಔಷಧಿ ಅಂಗಡಿ. ಇನ್ನೊಂದು ಪಂಪು ತರಿಸಬಹುದು ಎಂಬುದು ನನಗೂ ಹೊಳೆಯಲಿಲ್ಲ, ನನ್ನ ಗಂಡನಿಗೂ ಹೊಳೆಯಲಿಲ್ಲ. ಅಷ್ಟು ಸಂಗೀತ ಕೇಳಿ ಗಳಿಸಿದ್ದು ಎದುರಿಗೇ ಇರುವಾಗ ಬೇರೆಯದು ಹೇಗೆ ಹೊಳೆದೀತು? ಅವರು ಸೈಟಿನಿಂದ ಮೈಮೂನಕ್ಕನ ಮಗಳ ಮನೆ ಹುಡುಕಿಕೊಂಡು ಹೋಗಿ, ಕೀಲಿ ಇಸಿದುಕೊಂಡು ದುಬೈಗೆ ಹೊರಟರು. ಶೇಖ್ ಝಾಯೆದ್ ರಸ್ತೆಯಲ್ಲಿ ಸಂಜೆಯ ವಾಹನಗಳ ನಡುವೆ ಸಿಕ್ಕಿಕೊಂಡರು.

ಅಷ್ಟರಲ್ಲಿ ನನ್ನ ಎದೆ ಕಲ್ಲಾಗಿತ್ತು. ನೋವಿಗೆ ಹಲ್ಲು ಕಚ್ಚಿ ಕೂತಿದ್ದೆ. ಅವ್ವ ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಇಡುತ್ತಿದ್ದಳು. ಸ್ಟೀಲ್ ಬಟ್ಟಲಿಗೆ ಒಂದು ಚಮಚದಷ್ಟು ಹಾಲು ಬಂತು, ಮುಂದೆ ಬರಲೊಲ್ಲದು. ಅದನ್ನೇ ನೋಡುತ್ತ ಅವಳು ಇದ್ದಕ್ಕಿದ್ದಂತೆ ಮಾತು ತೆಗೆದಳು.

"ನೀ ಹುಟ್ಟಿದಾಗ ಸಾಲಿಗೆ ಲಗೂನ ಹಾಜರ ಆಗಬೇಕಾತು. ಮಧ್ಯಾಹ್ನ ಆದ್ರ ಎದಿ ಬಿಗದು ಸೀರಿ ತೊಯ್ಯತಿತ್ತು. ಹುಡುಗೂರ ಎದುರಿಗೆ ಹೆಂಗ ನಿಲ್ಲೂದು? ಸಾಲಿ ಹಿಂದಿನ ಬಚ್ಚಲಕ್ಕ ಹೋಗಿ ಹಿಂಡಿ ಚೆಲ್ಲತಿದ್ದೆ. ಹರದು ಹೋಗೂದನ್ನ ನೋಡಕೋತ ನಿಂತಿರತಿದ್ದೆ. ಮನಿಯೊಳಗ ನಿನಗ ಡಬ್ಬಿ ಹಾಲು, ಇಲ್ಲಿ ಬಚ್ಚಲಕ್ಕ ನನ್ನ ಹಾಲು."

ಮೂವತ್ತು ವರ್ಷ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾನು ಅವಳ ಒದ್ದೆ ಕೈ ಹಿಡಿದುಕೊಂಡೆ.

ಕೀಲಿ ಬಂದ ಕೂಡಲೇ ಅಳಿಯನ ಕೈಯಿಂದ ಅದನ್ನು ಕಸಿದುಕೊಂಡು ಅವ್ವನೇ ಎದುರು ಮನೆಗೆ ನುಗ್ಗಿದಳು. ಚೆಂಬು ಸರಿಸಿದ ಸದ್ದು ನಮ್ಮ ಮನೆಯವರೆಗೂ ಕೇಳಿಸಿತು. ಪೆಟ್ಟಿಗೆ ಎದೆಗವಚಿಕೊಂಡು ಬಂದವಳು ನಮ್ಮ ಹೊಸ್ತಿಲಲ್ಲಿ ಗಕ್ಕನೆ ನಿಂತಳು. ಅವಳು ಯಾಕೆ ನಿಂತಳೆಂದು ನನಗೆ ಗೊತ್ತು.

"ಅವ್ವಾ, ಕೂಸು ಇನ್ನೂ ಮನಿಗೆ ಬಂದಿಲ್ಲ," ಎಂದೆ.

"ಹುಟ್ಟೇತಲ್ಲ. ಸಾಕು," ಎಂದವಳೇ ಬಲಗಾಲಿಟ್ಟು ಒಳಗೆ ಬಂದಳು. ಮೊದಲು ಪಂಪಿನ ಮೋಟರಿಗೆ ಅರಿಶಿನ ಕುಂಕುಮ ಹಚ್ಚಿದಳು. "ಅತ್ತಿ, ಕಾಯಿ ಒಡೀಬ್ಯಾಡ್ರಿ, ವಾರಂಟಿ ಹೋಗತೈತಿ," ಎಂದರು ನನ್ನ ಗಂಡ. ಅವ್ವ ನಗಲಿಲ್ಲ. ಹಾಲು ಬಾಟಲಿಯೊಳಗೆ ಏರುವುದನ್ನೇ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನದಿಂದ ಆ ಹಾಲನ್ನು ಮಂಜುಗಡ್ಡೆಯ ಚೀಲದಲ್ಲಿಟ್ಟು, ತೀರ್ಥದ ತಂಬಿಗೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಒಯ್ದವಳು ಅವಳೇ. ಮಗಳು ಮೈ ತುಂಬಿಕೊಂಡು ಮನೆಗೆ ಬಂದಳು. ರಜೆ ಮುಗಿದ ಮೇಲೆ ನಾನು ಕಚೇರಿಯ ಸ್ಟೋರ್ ರೂಮಿನಲ್ಲಿ, ಹಳೆಯ ಪ್ರಿಂಟರುಗಳೇ ಸಾಕ್ಷಿಯಾಗಿ, ಪಂಪು ಹಚ್ಚಿ ಕೂರುತ್ತಿದ್ದೆ. ಒಂದು ಹನಿಯೂ ಬಚ್ಚಲಿಗೆ ಹೋಗಲಿಲ್ಲ.

ಆ ಹಿಡಿಗಾತ್ರದವಳು ನಿನ್ನೆ ನನ್ನ ಬೆನ್ನ ಹಿಂದಿನಿಂದ ಇಣುಕಿ, "ಅಮ್ಮಾ, is that a gift for me?" ಎಂದು ಕೇಳಿದಳು. ಉಡುಪಿಯ ಹುಡುಗಿ ಸಂಕೋಚದಿಂದ ಹೇಳಿದಳು: "ಇದೆಲ್ಲ ಮೂಢನಂಬಿಕೆ ಅಂತ ನಂಗೊತ್ತು ಅಕ್ಕ. ನಾನು ನಂಬೂದಿಲ್ಲ. ಅತ್ತೆಗೆ ಬೇಜಾರಾಗ್ಬಾರ್ದು ಅಂತ ಅಷ್ಟೇ."

ಅವಳ ಹಾಗೆಯೇ ನಾನೂ ಹೇಳುತ್ತಿದ್ದೆ, ಇನ್ನೂ ಖಾರವಾಗಿ. ಈಗ ಹೇಳಲು ಬಾಯಿ ಬರುವುದಿಲ್ಲ. ಅವಳ ಅತ್ತೆ ಯಾವ ಬಚ್ಚಲ ಮುಂದೆ ನಿಂತು ಬಂದವರೋ ಯಾರಿಗೆ ಗೊತ್ತು?

ಪೆಟ್ಟಿಗೆ ಇಸಿದುಕೊಂಡು ಅಡಿಗೆಮನೆಯ ಕಪಾಟಿನಲ್ಲಿಟ್ಟೆ. ಎತ್ತರದಲ್ಲಲ್ಲ, ಕೈಗೆ ಸಿಗುವಂತೆ. ಆಮೇಲೆ ಮೊಳೆಗೆ ತೂಗಿದ್ದ ನಮ್ಮ ಮನೆಯ ಇನ್ನೊಂದು ಕೀಲಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ.

"ಇದ್ಯಾಕೆ ಅಕ್ಕ? ಸಂಜೆಗೆ ನೀವು ಮನೇಲೇ ಇರ್ತೀರಲ್ಲ?"

"ಇಟ್ಟುಕೋ," ಎಂದೆ. "ಈಗಲೇ ಒಂದು ಸಲ ತಿರುಗಿಸಿ ನೋಡು, ಬೀಗ ಸ್ವಲ್ಪ ಬಿಗಿ."